ಹಿಂದಲೆಯ ರಕ್ತನಾಳ ಕಟ್ಟಿದೆ, ತಲೆಗೂ ಬೈಪಾಸ್ ಮಾಡ್ತಾರಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 64 ವರ್ಷ. ದಾವಣಗೆರೆ ಕಡೆಯ ಹಳ್ಳಿ, ಗದ್ದೆ ಇದೆ. ಹನ್ನೆರಡು ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ಎರಡು ತಿಂಗಳ ಹಿಂದೆ ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಇದ್ದಕ್ಕಿದ್ದಂತೆ ತಲೆಸುತ್ತು ಬಂತು. ಎದುರಿಗಿದ್ದ ಲೋಟ ಎರಡಾಗಿ ಕಾಣ್ತಿದೆ ಅಂದರು, ಮಾತು ತೊದಲಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಸ್ಕ್ಯಾನ್ ಮಾಡಿಸಿದರೆ, ಮೆದುಳಿನ ಹಿಂಭಾಗಕ್ಕೆ ಹೋಗುವ ಎಡಗಡೆಯ ರಕ್ತನಾಳ ಪೂರ್ತಿ ಮುಚ್ಚಿದೆ, ಬಲಗಡೆಯದು ತಲೆಬುರುಡೆಯ ಒಳಗೆ ಶೇ. 80ರಷ್ಟು ಕಿರಿದಾಗಿದೆ ಎಂದರು. ಒಬ್ಬ ಡಾಕ್ಟ್ರು ಮಾತ್ರೆ ಸಾಕು ಅಂತಾರೆ, ಇನ್ನೊಬ್ಬರು ಸ್ಟೆಂಟ್ ಅಂತಾರೆ, ಮೂರನೆಯವರು ಬೈಪಾಸ್ ಮಾಡುವ ಕಡೆ ಹೋಗಿ ಕೇಳಿ ಅಂದರು. ಬೈಪಾಸ್ ಹೃದಯಕ್ಕೆ ಅಲ್ವಾ? ತಲೆಗೂ ಮಾಡ್ತಾರಾ? ಅಪ್ಪ ಗದ್ದೆಗೆ ಹೋಗಬಹುದಾ, ಗಾಡಿ ಓಡಿಸಬಹುದಾ? ಆಸ್ಪಿರಿನ್ ತಗೊಳ್ತಿದ್ದಾರೆ. ಕೊಲೆಸ್ಟ್ರಾಲ್ ಮಾತ್ರೆಯಿಂದ ಲಿವರ್ ಹಾಳಾಗುತ್ತೆ ಅಂತ ಯಾರೋ ಹೇಳಿದ್ದಕ್ಕೆ ಅದನ್ನು ಬಿಟ್ಟಿದ್ದಾರೆ. ಬೀಡಿ ಕಮ್ಮಿ ಮಾಡಿದ್ದಾರೆ.

ಉತ್ತರ: ನಿಮ್ಮ ಪತ್ರದ ಕೊನೆಯ ಮೂರು ಸಾಲನ್ನು ನಾನು ಎರಡೆರಡು ಸಲ ಓದಿದೆ. ಬೈಪಾಸ್ ಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಅಡಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು, ತಲೆಗೂ ಬೈಪಾಸ್ ಮಾಡ್ತಾರಾ ಅಂದಿರಿ. ಮಾಡುತ್ತಾರೆ. ಐವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಮಾಡುತ್ತಿದ್ದಾರೆ. ಆದರೆ ಹೃದಯದ ಬೈಪಾಸ್‌ನಷ್ಟು ಮಾಮೂಲಿ ಆಪರೇಷನ್ ಇದಲ್ಲ.

ನೀವು ಭದ್ರಾ ನಾಲೆ ನೋಡಿ ಬೆಳೆದವರು, ಹಾಗಾಗಿ ವಿವರಿಸುವುದು ಸುಲಭ. ಮೆದುಳಿಗೆ ನಾಲ್ಕು ನಾಲೆಗಳಲ್ಲಿ ರಕ್ತ ಹೋಗುತ್ತದೆ. ಕುತ್ತಿಗೆಯ ಮುಂದೆ ಎರಡು, ಅವು ದೊಡ್ಡವು. ಮುಟ್ಟಿದರೆ ಬೆರಳಿಗೆ ಬಡಿತ ಸಿಗುತ್ತದೆ. ಹಿಂದೆ ಎರಡು, ಇವಕ್ಕೆ ವರ್ಟಿಬ್ರಲ್ ಎಂದು ಹೆಸರು. ಇವು ಕುತ್ತಿಗೆ ಮೂಳೆಗಳ ಪಕ್ಕದ ತೂತುಗಳೊಳಗೆ, ಮಣಿಗೆ ದಾರ ಪೋಣಿಸಿದ ಹಾಗೆ, ಒಂದೊಂದೇ ಮೂಳೆ ದಾಟಿಕೊಂಡು ಮೇಲೆ ಹೋಗುತ್ತವೆ. ತಲೆಬುರುಡೆಯ ತಳದ ದೊಡ್ಡ ಕಂಡಿಯಲ್ಲಿ ಒಳಗೆ ನುಗ್ಗಿ, ಎರಡೂ ಕೂಡಿ ಒಂದಾಗುತ್ತವೆ. ಆ ಒಂದಕ್ಕೆ ಬೇಸಿಲರ್ ಎನ್ನುತ್ತೇವೆ. ದಪ್ಪ ಬರೀ ಮೂರ್ನಾಲ್ಕು ಮಿಲಿಮೀಟರ್. ಉಸಿರಾಟ, ನುಂಗುವುದು, ಕಣ್ಣು ತಿರುಗಿಸುವುದು, ಎಚ್ಚರವಾಗಿರುವುದು, ಇವನ್ನೆಲ್ಲ ನಡೆಸುವ ಮೆದುಳಿನ ಕಾಂಡಕ್ಕೆ ರಕ್ತ ಬರುವುದು ಇದರಿಂದ. ಕಿರುಮೆದುಳಿಗೂ, ನೋಟಕ್ಕೆ ಬೇಕಾದ ಹಿಂದಿನ ಭಾಗಕ್ಕೂ ಇದೇ ಮೂಲ.

ನಿಮ್ಮ ತಂದೆಗೆ ಲೋಟ ಎರಡಾಗಿ ಕಂಡಿದ್ದು, ಮಾತು ತೊದಲಿದ್ದು ಇದೇ ಕಾರಣಕ್ಕೆ. ಬರೀ ತಲೆಸುತ್ತು ಒಂದೇ ಬಂದಿದ್ದರೆ ನಾನು ಇಷ್ಟು ಗಂಭೀರವಾಗಿ ತಗೊಳ್ಳುತ್ತಿರಲಿಲ್ಲ. ತಲೆಸುತ್ತು ಎಂದು ಬರುವವರಲ್ಲಿ ಹೆಚ್ಚಿನವರ ತೊಂದರೆ ಒಳಕಿವಿಯದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆಯೇ ತಿರುಗಿದ ಹಾಗಾಗುತ್ತದಲ್ಲ, ಅದು. ಅದರ ಜೊತೆಗೆ ಎರಡೆರಡು ಕಾಣುವುದು, ತೊದಲು, ನುಂಗಲು ಕಷ್ಟ, ಕುಡಿದವರ ಹಾಗೆ ಹೆಜ್ಜೆ ತಪ್ಪುವುದು, ಮುಖ ಒಂದು ಕಡೆ ಜೋಮು ಹಿಡಿದು ಕೈಕಾಲು ಇನ್ನೊಂದು ಕಡೆ ಸೋಲುವುದು, ಇವುಗಳಲ್ಲಿ ಒಂದು ಸೇರಿದರೂ ಲೆಕ್ಕ ಬೇರೆ. ಇಪ್ಪತ್ತು ನಿಮಿಷದಲ್ಲಿ ಸರಿಹೋದ ಲಕ್ವವೂ ಲಕ್ವದ ಮುನ್ಸೂಚನೆಯೇ. ಸರಿಹೋಯಿತಲ್ಲ ಅಂತ ಸುಮ್ಮನಾಗದೆ ಸ್ಕ್ಯಾನ್ ಮಾಡಿಸಿದಿರಿ, ಒಳ್ಳೆಯದಾಯಿತು.

ಎಡಗಡೆಯ ನಾಳ ಪೂರ್ತಿ ಮುಚ್ಚಿದೆ ಎಂದ ಮಾತ್ರಕ್ಕೆ ಗಾಬರಿ ಬೇಡ. ಒಂದು ವರ್ಟಿಬ್ರಲ್ ಮುಚ್ಚಿದರೂ ಇನ್ನೊಂದು ಗಟ್ಟಿಯಾಗಿದ್ದರೆ ಅದೇ ಬೇಸಿಲರ್ ತುಂಬಿಸುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಒಂದು ಕಡೆಯದು ತೆಳ್ಳಗಿರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ಇದಲ್ಲದೆ ಮೆದುಳಿನ ತಳದಲ್ಲಿ ಮುಂದಿನ ನಾಳಗಳಿಂದ ಹಿಂದಿನವಕ್ಕೆ ಎರಡು ಸಣ್ಣ ಕೂಡುನಾಳಗಳಿವೆ. ಅವು ದೇವರೇ ಮಾಡಿಟ್ಟ ಬೈಪಾಸ್. ಕೆಲವರಲ್ಲಿ ಅವು ಚೆನ್ನಾಗಿ ದಪ್ಪಗಿರುತ್ತವೆ. ಕೆಲವರಲ್ಲಿ ನೂಲಿನಷ್ಟು ಇರುತ್ತವೆ, ಇಲ್ಲವೇ ಇರುವುದೇ ಇಲ್ಲ. ನಿಮ್ಮ ತಂದೆಯ ವಿಷಯದಲ್ಲಿ ಅವು ಹೇಗಿವೆ ಎಂದು ಪತ್ರದಲ್ಲಿಲ್ಲ. ವೈದ್ಯರನ್ನು ಮೊದಲು ಕೇಳಬೇಕಾದ್ದು ಅದನ್ನೇ. ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಬರುತ್ತಿದೆಯಾ ಎಂದು ತಿಳಿಯಲು ತೂಬು ಎಷ್ಟು ಮುಚ್ಚಿದೆ ಎಂದು ನೋಡಿದರೆ ಸಾಲದು, ಗದ್ದೆಯಲ್ಲೇ ಇಳಿದು ನೋಡಬೇಕು. ಶೇ. 80 ಅನ್ನುವುದು ತೂಬಿನ ಅಳತೆ ಅಷ್ಟೇ.

ಇದನ್ನು ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. 2016ರಲ್ಲಿ ಪ್ರಕಟವಾದ ವೆರಿಟಾಸ್ ಎಂಬ ಅಧ್ಯಯನ ನಿಮ್ಮ ತಂದೆಯಂಥವರ ಮೇಲೆಯೇ ನಡೆದದ್ದು. ಹಿಂಭಾಗದ ನಾಳ ಕಿರಿದಾಗಿ ಅಥವಾ ಮುಚ್ಚಿ ತೊಂದರೆ ಕಾಣಿಸಿಕೊಂಡಿದ್ದ 72 ಜನ. ವಿಶೇಷ ಎಂಆರ್‌ಐನಲ್ಲಿ ರಕ್ತದ ಹರಿವನ್ನು ಅಳೆದರು. 18 ಜನರಲ್ಲಿ ಮಾತ್ರ ಹರಿವು ನಿಜವಾಗಿ ಕುಗ್ಗಿತ್ತು. ಒಂದು ವರ್ಷದಲ್ಲಿ ಹಿಂಭಾಗದ ಲಕ್ವ ಆಗದೆ ಉಳಿದವರು ಆ ಗುಂಪಿನಲ್ಲಿ ಶೇ. 78. ಹರಿವು ಸರಿಯಿದ್ದ ಗುಂಪಿನಲ್ಲಿ ಶೇ. 96. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಕಿರಿದು ಎಂದು ಬರೆಸಿಕೊಂಡವರೆಲ್ಲ ಒಂದೇ ಅಲ್ಲ. ಬೈಪಾಸ್ ಬಗ್ಗೆ ಯೋಚನೆಯಾದರೂ ಮಾಡಬೇಕಾದ್ದು ಆ ಹದಿನೆಂಟು ಜನರಂಥವರಿಗೆ.

ಈಗ ಆಪರೇಷನ್ ವಿಷಯ. ಹೃದಯದ ಬೈಪಾಸ್‌ನಲ್ಲಿ ಎದೆ ತೆರೆದು ಕಾಲಿನಿಂದಲೋ ಎದೆಗೂಡಿನಿಂದಲೋ ನಾಳ ತಂದು ಹೊಲಿಯುತ್ತಾರೆ. ತಲೆಯಲ್ಲಿ ಒಂದು ಅನುಕೂಲ ಇದೆ. ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ನಾಳಗಳು ಮೆದುಳಿನ ನಾಳಗಳಷ್ಟೇ ದಪ್ಪ, ಮತ್ತು ಬುರುಡೆಯ ಆಚೆಯೇ ಇವೆ. ಚರ್ಮಕ್ಕೆ ಬೇರೆ ನಾಳಗಳಿಂದಲೂ ರಕ್ತ ಬರುತ್ತದೆ, ಹಾಗಾಗಿ ಒಂದನ್ನು ಎರವಲು ಪಡೆಯಬಹುದು. ಬುರುಡೆಗೆ ಕಿಟಕಿ ತೆಗೆದು, ಹೊರಗಿನ ನಾಳವನ್ನು ಒಳಗಿನದಕ್ಕೆ ಹೊಲಿಯುವುದು. ಪಕ್ಕದ ತೋಟದ ಬೋರ್‌ವೆಲ್‌ನಿಂದ ಪೈಪ್ ಎಳೆದು ನಾಲೆಯ ಕೊನೆಗೆ ಬಿಟ್ಟ ಹಾಗೆ.

ಮೆದುಳಿಗೆ ಈ ರೀತಿಯ ಮೊದಲ ಬೈಪಾಸ್ ಮಾಡಿದವರು ಯಾಸರ್ಗಿಲ್. ಟರ್ಕಿ ಮೂಲದವರು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1967ರ ಅಕ್ಟೋಬರ್‌ನಲ್ಲಿ ಮಾಡಿದರು. ಅದಕ್ಕೂ ಮೊದಲು ಅಮೆರಿಕದ ವರ್ಮಾಂಟ್‌ಗೆ ಹೋಗಿ, ಡೊನಾಗಿ ಎಂಬುವರ ಪ್ರಯೋಗಾಲಯದಲ್ಲಿ ಮೈಕ್ರೋಸ್ಕೋಪ್ ಕೆಳಗೆ ನಾಯಿಗಳ ಸಣ್ಣ ನಾಳ ಹೊಲಿಯುವುದನ್ನು ಕಲಿತು ಬಂದಿದ್ದರು. ಅದು ಕಿವಿಯ ಮುಂದಿನ ನಾಳ ಬಳಸಿ ಮೆದುಳಿನ ಮುಂಭಾಗಕ್ಕೆ ಮಾಡಿದ್ದು. ಹಿಂಭಾಗಕ್ಕೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಔಸ್ಮನ್, ಮೇಯೋ ಕ್ಲಿನಿಕ್‌ನ ಸಂಡ್ಟ್ ಮೊದಲಾದವರು ಅದನ್ನು ರೂಢಿಗೆ ತಂದರು. ತಡವಾಗಿದ್ದಕ್ಕೆ ಕಾರಣ ಸರಳ. ಮುಂಭಾಗದ ನಾಳ ಬುರುಡೆ ತೆಗೆದರೆ ಕಣ್ಣೆದುರೇ ಇರುತ್ತದೆ. ಹಿಂದಿನದು ಬಾವಿಯ ತಳದಲ್ಲಿರುತ್ತದೆ.

ನಿಮ್ಮ ತಂದೆಯ ಹಾಗೆ ವರ್ಟಿಬ್ರಲ್ ನಾಳವೇ ಕೆಟ್ಟಿದ್ದರೆ, ಸಾಮಾನ್ಯವಾಗಿ ಹಿಂದಲೆಯ ಚರ್ಮದ ನಾಳವನ್ನು ತಂದು, ಕಿರುಮೆದುಳಿನ ತಳಕ್ಕೆ ಹೋಗುವ ಪೈಕಾ ಎಂಬ ನಾಳಕ್ಕೆ ಜೋಡಿಸುತ್ತೇವೆ. ಪೈಕಾಗೆ ಬಿದ್ದ ರಕ್ತ ಹಿಮ್ಮುಖವಾಗಿ ವರ್ಟಿಬ್ರಲ್‌ಗೆ ಹೋಗಿ, ಅಲ್ಲಿಂದ ಬೇಸಿಲರ್ ಸೇರುತ್ತದೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ತಲೆಯನ್ನು ಮೂರು ಮೊಳೆಗಳ ಚೌಕಟ್ಟಿನಲ್ಲಿ ಅಲುಗದ ಹಾಗೆ ಹಿಡಿಸುತ್ತೇವೆ. ಮೊದಲ ಒಂದೆರಡು ಗಂಟೆ ಹೋಗುವುದು ಹಿಂದಲೆಯ ನಾಳ ಬಿಡಿಸುವುದಕ್ಕೇ. ಅದು ಕುತ್ತಿಗೆಯ ಸ್ನಾಯುಗಳ ಪದರಗಳ ನಡುವೆ ಹಾವಿನ ಹಾಗೆ ಸುತ್ತಿ ಹೋಗಿರುತ್ತದೆ. ಹಲಸಿನ ಹಣ್ಣು ಬಿಡಿಸುವವರಿಗೆ ಇರುವಷ್ಟು ತಾಳ್ಮೆ ಬೇಕು. ಎಲ್ಲಾದರೂ ಗೀರಿದರೆ ಆ ನಾಳ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಮೂಳೆ ತೆಗೆದು, ಮೆದುಳಿನ ಹೊದಿಕೆ ಬಿಡಿಸಿ, ಕಿರುಮೆದುಳಿನ ಕೆಳಗೆ ಬಳಸಿ ಹೋಗುವ ಪೈಕಾ ಸಿಗುವ ತನಕ ಇಳಿಯಬೇಕು.

ಸಿಕ್ಕ ನಾಳದ ದಪ್ಪ ಒಂದೂವರೆ ಮಿಲಿಮೀಟರ್ ಇದ್ದರೆ ಅದೃಷ್ಟ. ಶ್ಯಾವಿಗೆ ಎಳೆ ಅಂದುಕೊಳ್ಳಿ. ಅದರ ಎರಡೂ ಕಡೆ ಪುಟ್ಟ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿ, ಬದಿಯಲ್ಲಿ ಸೀಳು ಮಾಡಿ, ಹೊರಗಿನ ನಾಳದ ಬಾಯನ್ನು ಓರೆಯಾಗಿ ಕತ್ತರಿಸಿ ಕೂರಿಸಿ, ಸುತ್ತಲೂ ಹತ್ತು ಹನ್ನೆರಡು ಹೊಲಿಗೆ. ದಾರ ತಲೆಗೂದಲಿನ ಮೂರನೇ ಒಂದು ಭಾಗ ದಪ್ಪ. ಬರಿಗಣ್ಣಿಗೆ ಅದು ಗಾಳಿಯಲ್ಲಿ ಕಾಣುವುದೇ ಇಲ್ಲ. ಆ ಅರ್ಧ ಗಂಟೆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಎಷ್ಟು ನಿಮಿಷ ಆಯಿತು ಎಂದು ಅರಿವಳಿಕೆಯವರು ಆಗಾಗ ಹೇಳುತ್ತಾರೆ, ಅಷ್ಟೇ. ಕ್ಲಿಪ್ ತೆಗೆದ ಮೇಲೆ ರಕ್ತಕ್ಕೆ ಒಂದು ಹಸಿರು ಬಣ್ಣ ಬಿಟ್ಟು, ಮೈಕ್ರೋಸ್ಕೋಪಿನ ಬೇರೆ ಬೆಳಕಿನಲ್ಲಿ ನೋಡುತ್ತೇವೆ. ಹೊಲಿದ ಜಾಗ ದಾಟಿ ಬೆಳ್ಳಗೆ ಬೆಳಗಿದರೆ ಎಲ್ಲರಿಗೂ ಉಸಿರು ಬರುತ್ತದೆ.

ಈ ಹೊಲಿಗೆ ಕಲಿಯುವುದು ಎಲ್ಲಿ ಗೊತ್ತಾ? ಕೋಳಿ ರೆಕ್ಕೆಯಲ್ಲಿ. ಅದರೊಳಗಿನ ನಾಳ ಹೆಚ್ಚುಕಮ್ಮಿ ಇದೇ ದಪ್ಪ. ನಾನು ಕಲಿಯುವಾಗ ವಾರಕ್ಕೆ ಎರಡು ಸಲ ಬರೀ ರೆಕ್ಕೆ ಕೇಳಿ ತರುತ್ತಿದ್ದೆ. ಅಂಗಡಿಯವನು, ‘ಸಾರ್, ಮನೇಲಿ ಯಾರೂ ಪೀಸು ತಿನ್ನಲ್ವಾ?’ ಎಂದು ಕೇಳಿದ್ದ. ನಾನು ಸಸ್ಯಾಹಾರಿ ಎಂದು ಅವನಿಗೆ ಕೊನೆಗೂ ಹೇಳಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಈ ಕೈಚಳಕ ಅಭ್ಯಾಸ ತಪ್ಪಿದರೆ ಹೋಗುತ್ತದೆ. ವರ್ಷಕ್ಕೊಂದು ಬೈಪಾಸ್ ಮಾಡುವವರ ಹತ್ತಿರ ಮಾಡಿಸಬೇಡಿ. ‘ಸಾರ್, ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ, ಹಿಂಭಾಗದ್ದು ಎಷ್ಟು?’ ಎಂದು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಟ್ಟಾದರೆ ಅದೂ ಒಂದು ಉತ್ತರವೇ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ನರವಿಜ್ಞಾನ ಸಂಸ್ಥೆಯಲ್ಲಿ ಇನ್ನೊಂದು ಅಭಿಪ್ರಾಯ ಪಡೆಯಿರಿ.

ಇಷ್ಟೆಲ್ಲ ಚಂದವಾಗಿ ವರ್ಣಿಸಿದ ಆಪರೇಷನ್ನನ್ನು ನಿಮ್ಮ ತಂದೆಗೆ ಈಗಲೇ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಬೈಪಾಸ್ ಮಾಡುವವನೇ ಹೀಗೆ ಹೇಳುವುದು ವಿಚಿತ್ರ ಅನ್ನಿಸಬಹುದು.

ಮುಂಭಾಗದ ಬೈಪಾಸ್ ಬಗ್ಗೆ ದೊಡ್ಡ ಪರೀಕ್ಷೆಗಳು ನಡೆದಿವೆ. 1985ರಲ್ಲಿ 1,377 ರೋಗಿಗಳ ಅಧ್ಯಯನದ ಫಲಿತಾಂಶ ಬಂತು. ಆಪರೇಷನ್ ಮಾಡಿಸಿಕೊಂಡವರಿಗೆ ಲಕ್ವ ಕಮ್ಮಿಯಾಗಲೇ ಇಲ್ಲ. ಸರಿಯಾದವರನ್ನು ಆರಿಸಿಲ್ಲ ಎಂದು ನಮ್ಮವರು ವಾದ ಮಾಡಿದರು. ಆಮೇಲೆ ಹರಿವು ಕುಗ್ಗಿದವರನ್ನೇ ಆರಿಸಿ ಇನ್ನೊಂದು ಪರೀಕ್ಷೆ ಮಾಡಿದರು. 2011ರಲ್ಲಿ ಅದರ ಫಲಿತಾಂಶವೂ ಬಂತು. ಹೊಲಿದ ನಾಳಗಳು ಚೆನ್ನಾಗಿಯೇ ಹರಿಯುತ್ತಿದ್ದವು. ಆದರೆ ಮೊದಲ ಮೂವತ್ತು ದಿನದಲ್ಲಿ ಅದೇ ಕಡೆ ಲಕ್ವ ಆದದ್ದು ಆಪರೇಷನ್ ಗುಂಪಿನಲ್ಲಿ ಶೇ. 14.4, ಮಾತ್ರೆಯ ಗುಂಪಿನಲ್ಲಿ ಶೇ. 2. ಎರಡು ವರ್ಷ ಕಳೆದಾಗ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತವು. ಹಿಂಭಾಗದ ಬೈಪಾಸ್‌ಗೆ ಇಂಥ ಪರೀಕ್ಷೆಯೇ ಆಗಿಲ್ಲ. ರೋಗಿಗಳು ಕಮ್ಮಿ, ಆಪರೇಷನ್ ಕಷ್ಟ. ಮುಂಭಾಗದಲ್ಲೇ ಇಷ್ಟು ಅಪಾಯ ಇದ್ದ ಮೇಲೆ ಹಿಂಭಾಗದಲ್ಲಿ ಕಮ್ಮಿ ಇರುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಹೊಲಿಗೆ ಕಟ್ಟಿಕೊಳ್ಳಬಹುದು, ಮೆದುಳಿನ ನೀರು ಗಾಯದಿಂದ ಸೋರಬಹುದು, ನುಂಗುವುದು ಕಷ್ಟವಾಗಿ ಸ್ವಲ್ಪ ದಿನ ಮೂಗಿನ ಪೈಪಿನಲ್ಲಿ ಊಟ ಕೊಡಬೇಕಾಗಬಹುದು, ಆಪರೇಷನ್ ಟೇಬಲ್ ಮೇಲೇ ಲಕ್ವ ಆಗಬಹುದು.

ಸ್ಟೆಂಟ್ ವಿಷಯವೂ ಹಾಗೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮೂರನೇ ದಿನ ಮನೆಗೆ ಬಂದವರನ್ನು ನೋಡಿ, ತಲೆಗೂ ಹಾಗೇ ಎಂದುಕೊಳ್ಳುತ್ತೇವೆ. 2011ರ ಸ್ಯಾಂಪ್ರಿಸ್ ಪರೀಕ್ಷೆಯಲ್ಲಿ, ತಲೆಯೊಳಗಿನ ನಾಳ ಶೇ. 70ರಿಂದ 99ರಷ್ಟು ಕಿರಿದಾಗಿದ್ದ 451 ಜನರಿದ್ದರು. ಮೂವತ್ತು ದಿನದೊಳಗೆ ಲಕ್ವ ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ. 14.7, ಬರೀ ಮಾತ್ರೆಯ ಗುಂಪಿನಲ್ಲಿ ಶೇ. 5.8. ಬೇಸಿಲರ್‌ನಿಂದ ಕೂದಲಿನಂಥ ಕವಲುಗಳು ಮೆದುಳಿನ ಕಾಂಡಕ್ಕೆ ಹೋಗುತ್ತವೆ. ಸ್ಟೆಂಟ್ ಅರಳಿದಾಗ ಗೋಡೆಗೆ ಅಂಟಿದ ಕೊಬ್ಬು ಸರಿದು ಅವುಗಳ ಬಾಯಿ ಮುಚ್ಚಬಹುದು. ಕಿರಿದಾದ ಜಾಗ ಕುತ್ತಿಗೆಯ ಬುಡದಲ್ಲಿದ್ದಿದ್ದರೆ ಮಾತು ಬೇರೆಯಿತ್ತು. ಅಲ್ಲಿ ಸ್ಟೆಂಟ್ ಅಪಾಯ ಕಮ್ಮಿ. ವರ್ಟಿಬ್ರಲ್ ನಾಳವನ್ನೇ ಕತ್ತರಿಸಿ ಪಕ್ಕದ ದೊಡ್ಡ ನಾಳಕ್ಕೆ ಕಸಿ ಮಾಡುವ ಆಪರೇಷನ್ ಕೂಡ ಇದೆ, ಅದಕ್ಕೆ ತಲೆಬುರುಡೆ ತೆರೆಯುವುದೇ ಬೇಡ. ನಿಮ್ಮ ತಂದೆಯದು ಬುರುಡೆಯೊಳಗೆ ಅಂದಿದ್ದೀರಿ.

ಸ್ಯಾಂಪ್ರಿಸ್‌ನಲ್ಲಿ ಗೆದ್ದ ಆ ‘ಬರೀ ಮಾತ್ರೆ’ ಏನು ಅಂತ ನೋಡಿ. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಎಂಬ ಇನ್ನೊಂದು ರಕ್ತ ತೆಳು ಮಾಡುವ ಮಾತ್ರೆ, ಎರಡೂ ಸೇರಿ ಮೊದಲ 90 ದಿನ, ಆಮೇಲೆ ಒಂದೇ. ಕೆಟ್ಟ ಕೊಲೆಸ್ಟ್ರಾಲ್ 70ಕ್ಕಿಂತ ಕೆಳಗೆ ತರುವಷ್ಟು ಸ್ಟ್ಯಾಟಿನ್, ಅಂದರೆ ನೀವು ಹೇಳಿದ ಕೊಲೆಸ್ಟ್ರಾಲ್ ಮಾತ್ರೆ. ಬಿಪಿ ಹತೋಟಿ, ಶುಗರ್ ಹತೋಟಿ, ನಡಿಗೆ, ತಂಬಾಕು ಬಂದ್. ನಿಮ್ಮ ತಂದೆ ಇದರಲ್ಲಿ ತಗೊಳ್ಳುತ್ತಿರುವುದು ಆಸ್ಪಿರಿನ್ ಒಂದು. ಸ್ಟ್ಯಾಟಿನ್ ಬಿಟ್ಟಿದ್ದಾರೆ, ಬೀಡಿ ಕಮ್ಮಿ ಮಾಡಿದ್ದಾರೆ. ಮಾತ್ರೆ ಸೋತಿದೆ ಎಂದು ಹೇಗೆ ಹೇಳುವುದು? ಮಾತ್ರೆ ಅಖಾಡಕ್ಕೇ ಇಳಿದಿಲ್ಲ. ಬೈಪಾಸ್ ಮಾತು ಬರುವುದು, ಇದೆಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಮತ್ತೆ ಮತ್ತೆ ತೊದಲು, ಎರಡೆರಡು ಕಾಣುವುದು ಬಂದರೆ, ಜೊತೆಗೆ ಹರಿವು ಕುಗ್ಗಿದೆ ಎಂದು ಅಳತೆಯಲ್ಲೂ ಕಂಡರೆ. ಅಂಥವರಿದ್ದಾರೆ, ಕಮ್ಮಿ ಜನ. ಅವರಿಗೆ ನಾನೇ ಮುಂದೆ ಬಂದು ಆಪರೇಷನ್ ಮಾತಾಡುತ್ತೇನೆ. ಹಿಂಭಾಗದ ನಾಳ ಬಲೂನಿನ ಹಾಗೆ ಉಬ್ಬಿ, ಅದನ್ನು ಮುಚ್ಚಲೇಬೇಕಾದಾಗಲೂ ಈ ಬೈಪಾಸ್ ಬೇಕಾಗುತ್ತದೆ. ಅದು ಬೇರೆ ಕಥೆ.

ಸ್ಟ್ಯಾಟಿನ್‌ನಿಂದ ಲಿವರ್ ಹಾಳಾಗುವುದು ಬಹಳ ಅಪರೂಪ. ಭಯ ಇದ್ದರೆ ಲಿವರ್ ರಕ್ತಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ ಮತ್ತೆ ಶುರು ಮಾಡಿ. ಎರಡನೇ ರಕ್ತ ತೆಳು ಮಾಡುವ ಮಾತ್ರೆ ಬೇಕಾ ಎಂದೂ ಇದೇ ವಾರ ಕೇಳಿ, ನೀವಾಗಿಯೇ ಅಂಗಡಿಯಿಂದ ತಂದು ಸೇರಿಸಬೇಡಿ, ರಕ್ತಸ್ರಾವದ ಲೆಕ್ಕ ನೋಡಬೇಕು. ಹಲ್ಲು ಕೀಳಿಸಬೇಕೆಂದು ನೀವಾಗಿಯೇ ನಿಲ್ಲಿಸಲೂ ಬೇಡಿ.

ಬಿಪಿ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹರಿವು ಕುಗ್ಗಿದವರಲ್ಲಿ ಬಿಪಿಯನ್ನು ಅವಸರದಿಂದ ತೀರಾ ಕೆಳಗೆ ಇಳಿಸಿದರೆ ತೊಂದರೆ. ನಾಲೆಯಲ್ಲಿ ನೀರಿನ ಒತ್ತಡ ಇಳಿದರೆ ಮೊದಲು ಒಣಗುವುದು ಕೊನೇ ಗದ್ದೆ ತಾನೆ? ಮೆಷಿನ್ನಿನಲ್ಲಿ 150 ಕಂಡಿತು ಅಂತ ಮನೆಯಲ್ಲೇ ಅರ್ಧ ಮಾತ್ರೆ ಜಾಸ್ತಿ ಕೊಡಬೇಡಿ. ಎಷ್ಟಕ್ಕೆ ತರಬೇಕು ಎಂದು ಅವರ ವೈದ್ಯರು ಹೇಳಲಿ, ವಾರಗಳಲ್ಲಿ ನಿಧಾನಕ್ಕೆ ಇಳಿಯಲಿ. ಏಕಾದಶಿ, ಶ್ರಾವಣ ಸೋಮವಾರ ಎಂದು ನೀರೂ ಕುಡಿಯದೆ ಉಪವಾಸ ಇರುವ ಅಭ್ಯಾಸವಿದ್ದರೆ ಈ ವರ್ಷ ಬಿಡಲಿ. ವಾಂತಿ ಭೇದಿಯಾದರೆ ಬಿಪಿ ಮಾತ್ರೆ ನುಂಗುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಮಲಗಿದವರು ಥಟ್ಟನೆ ಏಳದೆ, ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಏಳಲಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಕ್ಷೌರದ ಅಂಗಡಿಯಲ್ಲಿ ತಲೆ ಹಿಡಿದು ಲಟಕ್ ಎಂದು ಕುತ್ತಿಗೆಯ ನೆಟಿಗೆ ತೆಗೆಸುವುದು ಬೇಡವೇ ಬೇಡ. ಮೂಳೆಯ ತೂತಿನಲ್ಲಿ ಹೋಗುವ ನಾಳ ಎಂದೆನಲ್ಲ, ಆ ಜೋರು ತಿರುಚಿಗೆ ಅದರ ಒಳಪದರ ಹರಿಯಬಹುದು. ಆರೋಗ್ಯವಾಗಿದ್ದ ಹುಡುಗರಿಗೂ ಹೀಗೆ ಲಕ್ವ ಆದದ್ದಿದೆ. ನಿಮ್ಮ ತಂದೆಗಂತೂ ಉಳಿದಿರುವುದೇ ಒಂದು ನಾಳ.

ಆ ಲಕ್ಷಣ ಮತ್ತೆ ಬಂದರೆ ಇಪ್ಪತ್ತು ನಿಮಿಷ ಕಾಯಬೇಡಿ. ಶುರುವಾದ ಹೊತ್ತು ಗಡಿಯಾರ ನೋಡಿ ಬರೆದಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಬೇಸಿಲರ್ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ತೊಡೆಯಿಂದ ತಂತಿ ಹಾಕಿ ಎಳೆದು ತೆಗೆಯುವ ಚಿಕಿತ್ಸೆ ಈಗಿದೆ. 2022ರಲ್ಲಿ ಚೀನಾದ ಎರಡು ಪರೀಕ್ಷೆಗಳು ಅದರ ಲಾಭವನ್ನು ತೋರಿಸಿದವು, ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದು. ಅಂಥ ಹೊತ್ತಿನಲ್ಲಿ ಬೈಪಾಸ್ ಉಪಯೋಗಕ್ಕೆ ಬರುವುದಿಲ್ಲ. ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಮತ್ತು ಈ ಚಿಕಿತ್ಸೆ ಎರಡೂ ರಾತ್ರಿಹೊತ್ತಿನಲ್ಲೂ ಇರುವ ಆಸ್ಪತ್ರೆ ಯಾವುದು ಎಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಕಾಗದ ಒಂದೇ ಸಾಲದು, ಸ್ಕ್ಯಾನ್‌ನ ಸಿಡಿ ಒಯ್ಯಿರಿ. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಶೀಟುಗಳನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ. ಬಿಟ್ಟ ಮಾತ್ರೆಯದೂ ಇರಲಿ, ಮುಚ್ಚಿಡಬೇಡಿ.

ಗದ್ದೆಗೆ ಹೋಗಬಹುದು. ನಡೆಯುವುದು ಒಳ್ಳೆಯದೇ, ಆದರೆ ಬಿಸಿಲೇರುವ ಮುಂಚೆ, ನೀರಿನ ಬಾಟಲ್ ಇಟ್ಟುಕೊಂಡು, ಜೊತೆಗೊಬ್ಬರು ಇರಲಿ. ನಾಲೆಯ ಅಂಚಿನಲ್ಲಿ ಒಬ್ಬರೇ ಮೋಟರ್ ಹಾಕಲು ಹೋಗುವುದು, ಏಣಿ ಹತ್ತುವುದು ಸದ್ಯಕ್ಕೆ ಬೇಡ. ಗಾಡಿಯನ್ನು ವೈದ್ಯರು ಮತ್ತೆ ನೋಡಿ ಸರಿ ಎನ್ನುವ ತನಕ ಬೇರೆಯವರು ಓಡಿಸಲಿ. ಹಿಂದೆ ಕೂತು ಹೋಗಲು ಅವರಿಗೆ ಬೇಜಾರಾಗಬಹುದು. ಬೀಡಿ ಪೂರ್ತಿ ಬಿಟ್ಟು ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಬರೆಯಿರಿ, ಕೀ ಕೊಡುವ ವಿಷಯ ಆಗ ಮಾತಾಡೋಣ.